ಅಂಗಳಕ್ಕಿಳಿದ ಗುರು: ಸಂತ ಜಾನ್ ಬೋಸ್ಕೊ

ಪ್ರತಿವರ್ಷ ಜನವರಿ 31ರಂದು ಧರ್ಮಸಭೆಯು ಸಂತ ಜಾನ್ ಬೋಸ್ಕೊ ಅವರ ಹಬ್ಬವನ್ನು ಆಚರಿಸುತ್ತದೆ. ಇಟಲಿಯಲ್ಲಿ ಗುರುಗಳ ಹೆಸರಿನ ಮುಂದೆ ಗೌರವಕ್ಕಾಗಿ ಸೇರಿಸುವ ಡಾನ್ ಎಂಬ ಪದದೊಂದಿಗೆ ಅವರು ಲೋಕಕ್ಕೆಲ್ಲ ಡಾನ್ ಬೋಸ್ಕೊ ಎಂದೇ ಪರಿಚಿತರು. ಅವರ ಹೆಸರು ಹೊತ್ತ ಶಾಲೆಗಳೂ ತಾಂತ್ರಿಕ ತರಬೇತಿ ಕೇಂದ್ರಗಳೂ ನಮ್ಮ ನಾಡಿನಲ್ಲಿವೆ. ಹೀಗೆ ಹೆಸರು ಮನೆಮಾತಾಗಿದ್ದರೂ ಆ ಹೆಸರಿನ ಹಿಂದಿನ ಬದುಕು ನಮ್ಮಲ್ಲಿ ಹಲವರಿಗೆ ಅಷ್ಟಾಗಿ ತಿಳಿಯದು.

ಆ ಬದುಕನ್ನು ಈ ವಾರ ನೆನೆಯುವುದಕ್ಕೆ ಹಬ್ಬವೊಂದೇ ಕಾರಣವಲ್ಲ. ಅನೇಕ ಧರ್ಮಕೇಂದ್ರಗಳಲ್ಲಿ ಗುರುಗಳಿಗೂ ಹೆತ್ತವರಿಗೂ ಚಿಂತೆಯಾಗಿರುವ ಸಂಗತಿಯೊಂದಿದೆ. ಪ್ರಥಮ ಪರಮಪ್ರಸಾದದ ತನಕ ಮಕ್ಕಳು ಧರ್ಮೋಪದೇಶದ ತರಗತಿಗೆ ತಪ್ಪದೆ ಬರುತ್ತಾರೆ. ದೃಢೀಕರಣ ಸಂಸ್ಕಾರದ ತನಕ ಹೇಗೋ ಬರುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಕಾಣದಾಗುತ್ತಾರೆ. ವಿಶ್ವಾಸದಲ್ಲಿ ಬಲಪಡಿಸಬೇಕಾದ ಸಂಸ್ಕಾರವು ಬೀಳ್ಕೊಡುಗೆಯ ಸಮಾರಂಭವಾಗಿಬಿಡುತ್ತದೆ. ಭಾನುವಾರದ ಬಲಿಪೂಜೆಗೆ ಬಂದರೂ ಹುಡುಗರು ದೇವಾಲಯದ ಹೊರಗೆ ಗೋಡೆಗೊರಗಿ ನಿಲ್ಲುತ್ತಾರೆ. ಹಿರಿಯರಾದ ನಾವು ಮೊಬೈಲನ್ನು ದೂರುತ್ತೇವೆ, ಟ್ಯೂಷನ್ನನ್ನು ದೂರುತ್ತೇವೆ, ಸಹವಾಸವನ್ನು ದೂರುತ್ತೇವೆ. ಈ ದೂರುಗಳಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಇಂಥ ಹುಡುಗರನ್ನು ದೂರದೆ ಹುಡುಕಿಕೊಂಡು ಹೋದ ಗುರುವೊಬ್ಬರು ಒಂದೂಮುಕ್ಕಾಲು ಶತಮಾನದ ಹಿಂದೆ ಇದ್ದರು. ಅವರು ಏನು ಮಾಡಿದರೆಂಬುದನ್ನು ತಿಳಿದ ಬಳಿಕ ನಮ್ಮ ದೂರುಗಳನ್ನು ತೂಗಿ ನೋಡುವುದು ಒಳಿತು.

ಬೆಕ್ಕಿಯ ಬಾಲಕ

ಉತ್ತರ ಇಟಲಿಯ ಪಿಯೆಮೊಂತೆ ಪ್ರದೇಶದಲ್ಲಿ ಕಾಸ್ತೆಲ್‌ನುವೊವೊ ಊರಿಗೆ ಸೇರಿದ ಬೆಕ್ಕಿ ಎಂಬ ಸಣ್ಣ ಗ್ರಾಮದಲ್ಲಿ 1815ರ ಆಗಸ್ಟ್ 16ರಂದು ಜಾನ್ ಜನಿಸಿದರು. ಎರಡು ವರ್ಷ ತುಂಬುವ ಮೊದಲೇ, 1817ರಲ್ಲಿ, ತಂದೆ ಫ್ರಾನ್ಸಿಸ್ ನ್ಯುಮೋನಿಯಾದಿಂದ ತೀರಿಕೊಂಡರು. ವಿಧವೆ ತಾಯಿ ಮಾರ್ಗರೀತಳ ಹೆಗಲ ಮೇಲೆ ವೃದ್ಧ ಅತ್ತೆ, ಗಂಡನ ಮೊದಲ ಮದುವೆಯ ಮಗ ಅಂತೋನಿ, ತನ್ನ ಮಕ್ಕಳಾದ ಜೋಸೆಫ್ ಮತ್ತು ಜಾನ್ ಇವರೆಲ್ಲರ ಭಾರ ಬಿತ್ತು. ಅಕ್ಷರ ಬಾರದ ಆಕೆ ಮಕ್ಕಳಿಗೆ ಪ್ರಾರ್ಥನೆಯನ್ನೂ ದುಡಿಮೆಯನ್ನೂ ಒಟ್ಟೊಟ್ಟಿಗೆ ಕಲಿಸಿದಳು. ಹೊಲ, ನಕ್ಷತ್ರ, ಆಲಿಕಲ್ಲಿನ ಮಳೆ ಎಲ್ಲವೂ ಆಕೆಗೆ ಧರ್ಮೋಪದೇಶದ ಪಾಠಗಳಾಗಿದ್ದವು.

ಒಂಬತ್ತನೆಯ ವಯಸ್ಸಿನಲ್ಲಿ ಜಾನ್ ಒಂದು ಕನಸು ಕಂಡರು. ಮನೆಯ ಬಳಿಯ ಬಯಲಿನಲ್ಲಿ ಆಡುತ್ತಿದ್ದ ಹುಡುಗರಲ್ಲಿ ಕೆಲವರು ದೇವದೂಷಣೆ ಮಾಡುತ್ತಿದ್ದರು. ಜಾನ್ ಮುಷ್ಟಿ ಬಿಗಿದು ಅವರ ಮೇಲೆ ಬಿದ್ದರು. ಆಗ ತೇಜಸ್ವಿ ಪುರುಷರೊಬ್ಬರು ತಡೆದು, ಹೊಡೆತದಿಂದಲ್ಲ, ಸೌಮ್ಯತೆಯಿಂದ ಮತ್ತು ಪ್ರೀತಿಯಿಂದ ಇವರನ್ನು ಗೆಳೆಯರನ್ನಾಗಿ ಮಾಡಿಕೊಳ್ಳಬೇಕೆಂದು ತಿಳಿಸಿದರು. ಹುಡುಗರ ಜಾಗದಲ್ಲಿ ಕಾಡುಮೃಗಗಳು ಕಂಡವು. ಬಳಿಕ ಅವು ಕುರಿಮರಿಗಳಾದವು. ಜೊತೆಯಲ್ಲಿದ್ದ ಮಾತೆಯೊಬ್ಬರು, ಇದೆಲ್ಲದರ ಅರ್ಥ ತಕ್ಕ ಕಾಲದಲ್ಲಿ ಆಗುವುದೆಂದು ಸಂತೈಸಿದರು. ಈ ಕನಸು ಜೀವನದುದ್ದಕ್ಕೂ ಅವರನ್ನು ಬಿಡಲಿಲ್ಲ.

ಹುಡುಗರನ್ನು ಸೆಳೆಯಲು ಬಾಲಕ ಜಾನ್ ಸಂತೆಗಳಲ್ಲಿ ದೊಂಬರಾಟದವರನ್ನು ನೋಡಿ ನೋಡಿ ಹಗ್ಗದ ಮೇಲಿನ ನಡಿಗೆ, ಕೈಚಳಕ, ಲಾಗ ಹಾಕುವುದು ಇವನ್ನೆಲ್ಲ ಕಲಿತರು. ಭಾನುವಾರ ಬೆಕ್ಕಿಯ ಹುಲ್ಲುಗಾವಲಿನಲ್ಲಿ ಊರವರಿಗೆ ಉಚಿತ ಪ್ರದರ್ಶನ. ಆದರೆ ಒಂದು ಷರತ್ತು: ಆಟಕ್ಕೆ ಮುನ್ನ ಎಲ್ಲರೂ ಜಪಸರ ಹೇಳಬೇಕು, ಬೆಳಗ್ಗೆ ದೇವಾಲಯದಲ್ಲಿ ಕೇಳಿದ ಪ್ರಬೋಧನೆಯನ್ನು ಜಾನ್ ಮತ್ತೆ ಒಪ್ಪಿಸುವಾಗ ಕೂತು ಕೇಳಬೇಕು.

ಆದರೆ ಓದಿನ ದಾರಿ ಸುಗಮವಾಗಿರಲಿಲ್ಲ. ಹೊಲದ ಕೆಲಸ ಬಿಟ್ಟು ಪುಸ್ತಕ ಹಿಡಿಯುವ ತಮ್ಮನನ್ನು ಕಂಡರೆ ಅಂತೋನಿಗೆ ಆಗುತ್ತಿರಲಿಲ್ಲ. ಮನೆಯ ಶಾಂತಿಗಾಗಿ ತಾಯಿ 1828ರಲ್ಲಿ ಹನ್ನೆರಡು ವರ್ಷದ ಮಗನನ್ನು ಕೆಲಸ ಹುಡುಕಿಕೊಳ್ಳಲು ಹೊರಗೆ ಕಳುಹಿಸಬೇಕಾಯಿತು. ಮೊಲಿಯಾ ಕುಟುಂಬದ ಹೊಲದಲ್ಲಿ ಜಾನ್ ಸುಮಾರು ಎರಡು ವರ್ಷ ಆಳಾಗಿ ದುಡಿದರು. ಮುಂದೆ ಕಲೊಸ್ಸೊ ಎಂಬ ವೃದ್ಧ ಗುರುಗಳು ಅವರನ್ನು ಕರೆದು ಲತೀನ್ ಕಲಿಸತೊಡಗಿದರು. ತಂದೆಯ ಪ್ರೀತಿಯನ್ನು ಜಾನ್ ಮೊದಲ ಬಾರಿಗೆ ಅವರಲ್ಲಿ ಕಂಡರು. ಆದರೆ 1830ರಲ್ಲಿ ಆ ಗುರುಗಳೂ ತೀರಿಕೊಂಡರು. ದಾರಿಯಲ್ಲಿ ಎದುರಾಗುವ ಇತರ ಗುರುಗಳಿಗೆ ಜಾನ್ ವಂದಿಸಿದರೆ ಅವರು ತಲೆಯಾಡಿಸಿ ಮುಂದೆ ಸಾಗುತ್ತಿದ್ದರು. ತಾನು ಗುರುವಾದರೆ ಹೀಗೆ ದೂರ ಉಳಿಯೆನು, ಹುಡುಗರ ಬಳಿಗೆ ಹೋಗಿ ಮಾತನಾಡಿಸುವೆನು ಎಂದು ಅವರು ತಾಯಿಯ ಬಳಿ ಹೇಳಿಕೊಂಡಿದ್ದುಂಟು. ಗುರುಗಳಾದ ನಾವು ಈ ಸಂಗತಿಯನ್ನು ಓದುವಾಗ ಒಂದು ಕ್ಷಣ ತಡೆದು ನಿಲ್ಲಬೇಕಾಗುತ್ತದೆ.

1831ರಲ್ಲಿ ಕಿಯೆರಿ ಪಟ್ಟಣದ ಶಾಲೆಗೆ ಸೇರಿ, ದರ್ಜಿಯ ಬಳಿಯೂ ಕಾಫಿ ಅಂಗಡಿಯಲ್ಲಿಯೂ ದುಡಿಯುತ್ತ ಜಾನ್ ಓದಿದರು. ಸಹಪಾಠಿಗಳನ್ನು ಕೂಡಿಸಿ ಆನಂದ ಸಂಘವೊಂದನ್ನು ಕಟ್ಟಿದರು. ಕ್ರೈಸ್ತನಿಗೆ ಒಪ್ಪದ ನಡೆನುಡಿ ಕೂಡದು, ಓದಿನ ಮತ್ತು ಧರ್ಮದ ಕರ್ತವ್ಯಗಳಲ್ಲಿ ಲೋಪ ಕೂಡದು, ಸದಾ ಲವಲವಿಕೆಯಿಂದಿರಬೇಕು ಎಂಬುದು ಅದರ ಕಟ್ಟಳೆ. ಹದಿಹರೆಯದವರ ಸಂಘಟನೆಯೊಂದನ್ನು ಅವರು ಹೀಗೆ ತಾವೇ ಹದಿಹರೆಯದಲ್ಲಿದ್ದಾಗ ಸ್ಥಾಪಿಸಿದರು. 1835ರಲ್ಲಿ ಗುರುಮಠವನ್ನು ಸೇರಿ, 1841ರ ಜೂನ್ 5ರಂದು ತ್ಯೂರಿನ್ ನಗರದಲ್ಲಿ ಗುರುದೀಕ್ಷೆ ಪಡೆದರು.

ಸೆರೆಮನೆ ಕಲಿಸಿದ ಪಾಠ

ತ್ಯೂರಿನ್ ಆಗ ಬೆಳೆಯುತ್ತಿದ್ದ ನಗರ. ಬೆಟ್ಟದ ಹಳ್ಳಿಗಳಿಂದಲೂ ಬಯಲುಸೀಮೆಯಿಂದಲೂ ಹುಡುಗರು ಕೆಲಸ ಅರಸಿ ಅಲ್ಲಿಗೆ ಬರುತ್ತಿದ್ದರು. ಗಾರೆ ಕೆಲಸ, ಕಲ್ಲು ಹೊರುವುದು, ಹೊಗೆಕೊಳವೆ ಗುಡಿಸುವುದು ಅವರಿಗೆ ಸಿಗುವ ದುಡಿಮೆ. ಅವರು ಹುಟ್ಟಿದೂರಿನ ದೇವಾಲಯದಿಂದ ದೂರವಾಗಿದ್ದರು, ನಗರದ ಯಾವ ದೇವಾಲಯಕ್ಕೂ ಸೇರಿದವರಾಗಿರಲಿಲ್ಲ. ಅಂಥವರಲ್ಲಿ ಎಷ್ಟೋ ಮಂದಿ ಕಳ್ಳತನಕ್ಕಿಳಿದು ಸೆರೆಮನೆ ಸೇರುತ್ತಿದ್ದರು.

ಹಿರಿಯ ಮಾರ್ಗದರ್ಶಕರಾದ ಜೋಸೆಫ್ ಕಫಾಸ್ಸೊ ಅವರು ಡಾನ್ ಬೋಸ್ಕೊ ಅವರನ್ನು ಆ ಸೆರೆಮನೆಗಳಿಗೆ ಕರೆದೊಯ್ದರು. ಹನ್ನೆರಡರಿಂದ ಹದಿನೆಂಟು ವರ್ಷದ, ಗಟ್ಟಿಮುಟ್ಟಾದ, ಬುದ್ಧಿ ಚುರುಕಾಗಿರುವ ಹುಡುಗರು ಅಲ್ಲಿ ಹೇನು-ತಿಗಣೆಗಳ ನಡುವೆ, ಮಾಡಲು ಕೆಲಸವಿಲ್ಲದೆ ಕೊಳೆಯುತ್ತಿದ್ದುದನ್ನು ಕಂಡು ಅವರು ತತ್ತರಿಸಿದರು. ಒಳ್ಳೆಯ ನಿರ್ಧಾರ ಮಾಡಿ ಬಿಡುಗಡೆಯಾದವರು ಕೆಲವೇ ದಿನಗಳಲ್ಲಿ ಮರಳಿ ಅಲ್ಲಿಗೇ ಬರುತ್ತಿದ್ದರು. ಹೊರಗೆ ಅವರನ್ನು ಕೇಳುವವರು, ಭಾನುವಾರ ಜೊತೆಗಿದ್ದು ನೋಡಿಕೊಳ್ಳುವವರು ಯಾರೂ ಇಲ್ಲದಿರುವುದೇ ಇದಕ್ಕೆ ಕಾರಣವೆಂದು ಅವರು ಮನಗಂಡರು. ಬಿದ್ದ ಮೇಲೆ ಎತ್ತುವುದಕ್ಕಿಂತ ಬೀಳುವ ಮೊದಲೇ ಕೈ ಹಿಡಿಯಬೇಕು ಎಂಬ ಅವರ ಜೀವಮಾನದ ನಿಲುವು ರೂಪುಗೊಂಡದ್ದು ಅಲ್ಲಿ.

ಬಾರ್ತಲೋಮೆಯ ಎಂಬ ಹುಡುಗ

1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ತ್ಯೂರಿನ್ನಿನ ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಡಾನ್ ಬೋಸ್ಕೊ ಬಲಿಪೂಜೆಗಾಗಿ ಪೂಜಾವಸ್ತ್ರಗಳನ್ನು ಧರಿಸುತ್ತಿದ್ದರು. ಆ ಕೊಠಡಿಯ ಮೂಲೆಯಲ್ಲಿ ಹುಡುಗನೊಬ್ಬ ಸುಮ್ಮನೆ ನಿಂತಿದ್ದ. ದೇವಾಲಯದ ಕೆಲಸಗಾರ ಅವನನ್ನು ಪೂಜೆಗೆ ಸಹಾಯ ಮಾಡಲು ಕರೆದ. ತನಗೆ ಬಾರದೆಂದು ಹುಡುಗ ಹೇಳಿದ. ಪೂಜೆಗೆ ಸಹಾಯ ಮಾಡಲು ಬಾರದವನು ಇಲ್ಲೇಕೆ ಬಂದೆ ಎಂದು ಗದರಿ, ಆ ಕೆಲಸಗಾರ ಧೂಳು ಹೊಡೆಯುವ ಕೋಲಿನಿಂದ ಅವನನ್ನು ಬಡಿದು ಓಡಿಸಿದ. ಡಾನ್ ಬೋಸ್ಕೊ ಕೂಗಿ ತಡೆದರು. ಅವನು ತನ್ನ ಗೆಳೆಯ, ಕೂಡಲೆ ಮರಳಿ ಕರೆತರಬೇಕು ಎಂದರು. ಅದುವರೆಗೆ ಅವನ ಹೆಸರೂ ಅವರಿಗೆ ತಿಳಿದಿರಲಿಲ್ಲ.

ಪೂಜೆಯ ಬಳಿಕ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿದರು. ಹೆಸರು ಬಾರ್ತಲೋಮೆಯ ಗರೆಲ್ಲಿ, ಊರು ಅಸ್ತಿ, ವಯಸ್ಸು ಹದಿನಾರು. ತಂದೆ ಇಲ್ಲ, ತಾಯಿಯೂ ಇಲ್ಲ. ಓದು ಬರಹ ಬಾರದು. ಪ್ರಥಮ ಪರಮಪ್ರಸಾದ ಇನ್ನೂ ಆಗಿರಲಿಲ್ಲ. ಧರ್ಮೋಪದೇಶಕ್ಕೆ ಏಕೆ ಹೋಗುತ್ತಿಲ್ಲವೆಂದು ಕೇಳಿದಾಗ ಹುಡುಗ ನಿಜವನ್ನೇ ಹೇಳಿದ. ತನಗಿಂತ ಚಿಕ್ಕವರಿಗೆ ಎಲ್ಲವೂ ಗೊತ್ತಿದೆ, ಇಷ್ಟು ದೊಡ್ಡವನಾದ ತನಗೆ ಏನೂ ಗೊತ್ತಿಲ್ಲ, ಅವರ ನಡುವೆ ಕೂರಲು ನಾಚಿಕೆ ಎಂದ. ನಿನಗೆ ಸಿಳ್ಳೆ ಹಾಕಲು ಬರುತ್ತದೆಯೇ ಎಂದು ಡಾನ್ ಬೋಸ್ಕೊ ಕೇಳಿದರಂತೆ, ಹುಡುಗ ಆಗ ಮೊದಲ ಬಾರಿ ನಕ್ಕನಂತೆ. ನಿನಗೊಬ್ಬನಿಗೇ ಬೇರೆಯಾಗಿ ಕಲಿಸಿದರೆ ಬರುವೆಯಾ ಎಂದಾಗ ಅವನು ಒಪ್ಪಿದ. ಪಾಠ ಅಲ್ಲಿಯೇ ಆರಂಭವಾಯಿತು. ಶಿಲುಬೆಯ ಗುರುತು ಹಾಕಲೂ ಅವನಿಗೆ ಬರುತ್ತಿರಲಿಲ್ಲ, ಅದರಿಂದಲೇ ಮೊದಲು ಮಾಡಿದರು. ಮುಂದಿನ ಭಾನುವಾರ ಅವನು ತನ್ನಂಥ ಇನ್ನೂ ಕೆಲವರನ್ನು ಕರೆತಂದ. ಇಂದು ಲೋಕದ ಎಲ್ಲ ಖಂಡಗಳಲ್ಲಿ ಹಬ್ಬಿರುವ ಸೇವೆಯ ಆರಂಭವನ್ನು ಡಾನ್ ಬೋಸ್ಕೊ ಸದಾ ಆ ದಿನಕ್ಕೇ ಒಯ್ದು ನೆನೆಯುತ್ತಿದ್ದರು.

ಈ ಘಟನೆಯಲ್ಲಿ ನಾವು ಗಮನಿಸಬೇಕಾದದ್ದು ಹುಡುಗನ ಉತ್ತರವನ್ನು. ಅವನಿಗೆ ದೇವರಲ್ಲಿ ದ್ವೇಷವಿರಲಿಲ್ಲ, ಧರ್ಮದಲ್ಲಿ ತಿರಸ್ಕಾರವೂ ಇರಲಿಲ್ಲ. ಅವನನ್ನು ದೂರವಿಟ್ಟದ್ದು ನಾಚಿಕೆ. ಹದಿಹರೆಯದ ಮನಸ್ಸು ಬೈಗುಳವನ್ನಾದರೂ ತಡೆದುಕೊಂಡೀತು, ತನ್ನವರ ಮುಂದೆ ಚಿಕ್ಕವನಾಗುವುದನ್ನು ತಡೆದುಕೊಳ್ಳದು. ನಾವು ಅಸಡ್ಡೆ ಎಂದು ಕರೆಯುವುದರ ಒಳಗೆ ಇಂಥ ನಾಚಿಕೆ ಎಷ್ಟಿದೆಯೆಂದು ಯಾರು ಕೇಳಿ ನೋಡಿದ್ದಾರೆ?

ನೆಲೆಯಿಲ್ಲದ ವರುಷಗಳು

ಹುಡುಗರು ನೂರಾರು ಸಂಖ್ಯೆಯಲ್ಲಿ ಸೇರತೊಡಗಿದಂತೆ ಅವರಿಗೆ ಜಾಗ ಸಿಗುವುದು ಕಷ್ಟವಾಯಿತು. ಭಾನುವಾರದ ಈ ಕೂಟಕ್ಕೆ ಓರಟರಿ ಎಂಬ ಹೆಸರು ಬಂದಿತ್ತು. ಅಲ್ಲಿ ಪಾಪನಿವೇದನೆ, ಬಲಿಪೂಜೆ, ಧರ್ಮೋಪದೇಶ, ಆಟ, ಹಾಡು, ನಡಿಗೆ ಎಲ್ಲವೂ ಇದ್ದವು. ಜೊತೆಗೆ ಗದ್ದಲವೂ ಇತ್ತು. ಆದ್ದರಿಂದ ಒಂದು ಕಡೆ ನೆಲೆನಿಂತರೆ ನೆರೆಯವರು ದೂರು ಹೇಳುತ್ತಿದ್ದರು. ಬಾರೊಲೊ ಎಂಬ ಶ್ರೀಮಂತ ಮಹಿಳೆ ನಡೆಸುತ್ತಿದ್ದ ಆಶ್ರಯಧಾಮ, ಸ್ಮಶಾನದ ಬಳಿಯ ಪ್ರಾರ್ಥನಾಲಯ, ಹಿಟ್ಟಿನ ಗಿರಣಿಗಳ ಬಳಿಯ ಪ್ರಾರ್ಥನಾಲಯ, ಕೊನೆಗೆ ತೆರೆದ ಹುಲ್ಲುಗಾವಲು, ಹೀಗೆ ಎಲ್ಲೆಡೆಯಿಂದಲೂ ಹೊರಡಬೇಕಾಯಿತು. ಇಷ್ಟು ಹುಡುಗರು ಒಬ್ಬರ ಮಾತಿಗೆ ಕಟ್ಟುಬಿದ್ದುದನ್ನು ಕಂಡು ನಗರದ ಅಧಿಕಾರಿಗಳು ದಂಗೆಯ ಶಂಕೆಪಟ್ಟರು. ತನ್ನ ಸಂಸ್ಥೆಯ ಹುದ್ದೆ ಬೇಕೋ ಹುಡುಗರು ಬೇಕೋ ಎಂದು ಬಾರೊಲೊ ಕೇಳಿದಾಗ ಡಾನ್ ಬೋಸ್ಕೊ ಹುಡುಗರನ್ನು ಆರಿಸಿಕೊಂಡು ಸಂಬಳವನ್ನು ಕಳೆದುಕೊಂಡರು. ಅವರಿಗೆ ಬುದ್ಧಿಭ್ರಮಣೆಯಾಗಿದೆ ಎಂದೇ ಹಲವು ಗುರುಗಳು ನಂಬಿದರು. ಅವರಲ್ಲಿಬ್ಬರು ಹುಚ್ಚಾಸ್ಪತ್ರೆಗೆ ಸೇರಿಸಲು ಗಾಡಿ ತಂದರು. ವಿಷಯ ಊಹಿಸಿದ ಡಾನ್ ಬೋಸ್ಕೊ ಅವರಿಬ್ಬರನ್ನೇ ಮೊದಲು ಗಾಡಿ ಹತ್ತಿಸಿ, ಬಾಗಿಲು ಹಾಕಿ, ಗಾಡಿಯವನಿಗೆ ಹೊರಡಲು ಹೇಳಿದರು.

1846ರ ಏಪ್ರಿಲ್ 12, ಪುನರುತ್ಥಾನದ ಹಬ್ಬದಂದು, ನಗರದ ಅಂಚಿನ ವಲ್ದೊಕ್ಕೊದಲ್ಲಿ ಪಿನಾರ್ದಿ ಎಂಬವರ ತಗ್ಗು ಮಾಡಿನ ಶೆಡ್ಡೊಂದು ಅವರ ನೆಲೆಯಾಯಿತು. ಅದೇ ವರ್ಷ ಜುಲೈಯಲ್ಲಿ ದಣಿವು ಮಿತಿಮೀರಿ ಅವರು ಸಾವಿನಂಚಿಗೆ ಬಂದರು. ದಿನವಿಡೀ ಗಾರೆ ಹೊತ್ತು ಬಂದ ಹುಡುಗರು ರಾತ್ರಿ ದೇವಾಲಯಗಳಲ್ಲಿ ಮೊಣಕಾಲೂರಿದರು. ಕೆಲವರು ಬರಿಯ ರೊಟ್ಟಿ ನೀರಿನಲ್ಲಿ ಉಪವಾಸ ಹಿಡಿದರು. ಅವರು ಬದುಕುಳಿದರು. ಚೇತರಿಸಿಕೊಂಡು ನವೆಂಬರ್ 3ರಂದು ತ್ಯೂರಿನ್ನಿಗೆ ಮರಳಿದಾಗ ಜೊತೆಯಲ್ಲಿ ವೃದ್ಧ ತಾಯಿ ಮಾರ್ಗರೀತಳೂ ಇದ್ದಳು. ಆಕೆ ತನ್ನ ಮದುವೆಯ ಒಡವೆಗಳನ್ನು ಮಾರಿದಳು, ಮದುವೆಯ ಬಟ್ಟೆಗಳನ್ನು ಬಲಿಪೀಠದ ವಸ್ತ್ರಗಳನ್ನಾಗಿ ಮಾಡಿದಳು. 1856ರಲ್ಲಿ ಸಾಯುವವರೆಗೆ ಹುಡುಗರೆಲ್ಲರಿಗೂ ಆಕೆ ಅಮ್ಮನಾಗಿದ್ದಳು. ಒಮ್ಮೆ ತಾನು ಬೆಳೆಸಿದ ತರಕಾರಿ ತೋಟವನ್ನು ಹುಡುಗರು ಯುದ್ಧದಾಟದಲ್ಲಿ ತುಳಿದು ಹಾಳು ಮಾಡಿದಾಗ, ಇನ್ನು ತಾಳಲಾರೆ, ಊರಿಗೆ ಹೋಗುತ್ತೇನೆ ಎಂದಳು. ಮಗ ಏನೂ ಹೇಳದೆ ಗೋಡೆಯ ಮೇಲಿನ ಶಿಲುಬೆಯತ್ತ ಬೆರಳು ತೋರಿದರು. ಆಕೆ ಉಳಿದಳು.

ಅನ್ನ, ಕಸುಬು, ಸಂಸ್ಕಾರ

ಮೊದಮೊದಲು ರಾತ್ರಿ ಆಶ್ರಯ ಕೊಟ್ಟ ಹುಡುಗರು ಬೆಳಗಾಗುವುದರೊಳಗೆ ಹೊದಿಕೆಗಳನ್ನೇ ಕದ್ದು ಓಡಿದ್ದರು. ಆದರೂ ಬಾಗಿಲು ಮುಚ್ಚಲಿಲ್ಲ. 1847ರ ಮೇ ತಿಂಗಳ ಮಳೆಯ ರಾತ್ರಿಯೊಂದರಲ್ಲಿ ಬಂದ ಅನಾಥ ಹುಡುಗ ಅಲ್ಲಿನ ಮೊದಲ ಖಾಯಂ ವಾಸಿಯಾದ. ಬರಬರುತ್ತ ಅವರ ಸಂಖ್ಯೆ ನೂರಾರಾಯಿತು. 1853ರಿಂದ ಚಪ್ಪಲಿ ಹೊಲಿಯುವ ಮತ್ತು ದರ್ಜಿಯ ಕಾರ್ಯಾಗಾರಗಳು, ಬಳಿಕ ಪುಸ್ತಕ ಕಟ್ಟುವಿಕೆ, ಬಡಗಿ ಕೆಲಸ, ಮುದ್ರಣ ಒಂದೊಂದಾಗಿ ಆರಂಭವಾದವು. ಅದಕ್ಕೂ ಮೊದಲೇ, 1851-52ರಲ್ಲಿ, ಹೊರಗೆ ಕೆಲಸ ಕಲಿಯುವ ಹುಡುಗರ ಪರವಾಗಿ ಡಾನ್ ಬೋಸ್ಕೊ ಯಜಮಾನರೊಡನೆ ಲಿಖಿತ ಕರಾರು ಮಾಡಿಕೊಂಡರು. ಹುಡುಗನನ್ನು ಮಾತಿನಿಂದ ಮಾತ್ರ ತಿದ್ದಬೇಕು, ಹೊಡೆಯಬಾರದು, ಕಸುಬನ್ನು ಸರಿಯಾಗಿ ಕಲಿಸಬೇಕು, ಹಬ್ಬದ ದಿನಗಳಲ್ಲಿ ಪೂರ್ಣ ಬಿಡುವು ಕೊಡಬೇಕು ಎಂಬ ಶರತ್ತುಗಳು ಅದರಲ್ಲಿದ್ದವು. ಬಾಲಕಾರ್ಮಿಕರಿಗೆ ಕಾನೂನಿನ ರಕ್ಷಣೆ ಇಲ್ಲವೆನ್ನುವಷ್ಟಿದ್ದ ಕಾಲದಲ್ಲಿ ಗುರುವೊಬ್ಬರು ಹೀಗೆ ಸಹಿ ಹಾಕಿ ನಿಂತದ್ದು ಧರ್ಮೋಪದೇಶದ ಹೊರಗಿನ ಕೆಲಸವಾಗಿರಲಿಲ್ಲ. ಪ್ರಾರ್ಥನೆ ಕಲಿಸಿದ ಹುಡುಗನ ಬೆನ್ನ ಮೇಲಿನ ಬಾಸುಂಡೆಯೂ ತನ್ನ ಜವಾಬ್ದಾರಿ ಎಂದು ಅವರು ಬಗೆದಿದ್ದರು.

ಅದೇ ವೇಳೆ, ಅನ್ನ ಮತ್ತು ಕಸುಬು ಕೊಟ್ಟರೆ ಸಾಕೆಂದೂ ಅವರು ತಿಳಿಯಲಿಲ್ಲ. ಪದೇ ಪದೇ ಪರಮಪ್ರಸಾದ ಸ್ವೀಕರಿಸುವುದು ಅಪರೂಪವಾಗಿದ್ದ ದಿನಗಳಲ್ಲಿ ಹುಡುಗರನ್ನು ಅದಕ್ಕೂ ಪಾಪನಿವೇದನೆಗೂ ಹುರಿದುಂಬಿಸಿದರು. ಆದರೆ ಒತ್ತಾಯಿಸಲಿಲ್ಲ. ಬಾಗಿಲು ಸದಾ ತೆರೆದಿತ್ತು, ಒಳಗೆ ಬರುವುದು ಹುಡುಗನ ಇಚ್ಛೆಗೆ ಬಿಟ್ಟದ್ದಾಗಿತ್ತು.

1854ರ ಅಕ್ಟೋಬರಿನಲ್ಲಿ ಅಲ್ಲಿಗೆ ಬಂದ ದೊಮಿನಿಕ್ ಸಾವಿಯೊ ಎಂಬ ಹನ್ನೆರಡರ ಬಾಲಕನ ಕಥೆ ಅವರ ಮಾರ್ಗದರ್ಶನದ ಸೂಕ್ಷ್ಮವನ್ನು ತೋರಿಸುತ್ತದೆ. ಸಂತನಾಗಬೇಕೆಂಬ ಹಂಬಲದಲ್ಲಿ ದೊಮಿನಿಕ್ ಮೌನಿಯಾದ, ಆಟ ಬಿಟ್ಟ, ಚಳಿಯಲ್ಲಿ ಹೊದಿಕೆ ಕಡಿಮೆ ಮಾಡಿ ದೇಹ ದಂಡಿಸತೊಡಗಿದ. ಡಾನ್ ಬೋಸ್ಕೊ ಆ ದಂಡನೆಗಳನ್ನು ನಿಲ್ಲಿಸಿದರು. ಹರ್ಷದಿಂದಿರು, ಓದನ್ನೂ ಪ್ರಾರ್ಥನೆಯನ್ನೂ ನಿಷ್ಠೆಯಿಂದ ಮಾಡು, ಗೆಳೆಯರೊಡನೆ ಆಡು, ಅವರಿಗೆ ಒಳಿತು ಮಾಡು ಎಂಬುದೇ ಅವರು ಕೊಟ್ಟ ದಾರಿ. 1856ರಲ್ಲಿ ದೊಮಿನಿಕ್ ಮತ್ತು ಸಂಗಡಿಗರು ಅಮಲೋದ್ಭವ ಮಾತೆಯ ಹೆಸರಿನ ಕೂಟ ಕಟ್ಟಿ, ಹೊಸಬರನ್ನೂ ಹಟಮಾರಿಗಳನ್ನೂ ತಾವೇ ಗೆಳೆಯರಾಗಿ ನೋಡಿಕೊಂಡರು. 1857ರ ಮಾರ್ಚ್ 9ರಂದು, ಹದಿನೈದು ತುಂಬುವ ಮೊದಲೇ, ದೊಮಿನಿಕ್ ತೀರಿಕೊಂಡ. 1954ರಲ್ಲಿ ಧರ್ಮಸಭೆ ಅವನನ್ನು ಸಂತ ಪದವಿಗೇರಿಸಿತು. ಆ ಕೂಟದ ಹಲವರು 1859ರ ಡಿಸೆಂಬರ್ 18ರಂದು ಡಾನ್ ಬೋಸ್ಕೊ ಜೊತೆ ಸಲೇಸಿಯನ್ ಸಭೆಯ ಮೊದಲ ಸದಸ್ಯರಾದರು. ಹುಡುಗರಿಗಾಗಿ ಹುಟ್ಟಿದ ಸಭೆಯನ್ನು ಕಟ್ಟಿದವರಲ್ಲಿ ಹೆಚ್ಚಿನವರು ಆ ಹುಡುಗರೇ.

ವಿಚಾರ, ಧರ್ಮ, ವಾತ್ಸಲ್ಯ

1877ರಲ್ಲಿ ಡಾನ್ ಬೋಸ್ಕೊ ತಮ್ಮ ಪದ್ಧತಿಯನ್ನು ಕಿರುಹೊತ್ತಗೆಯೊಂದರಲ್ಲಿ ವಿವರಿಸಿದರು. ನಿಯಮವನ್ನು ಸಾರಿ, ದೂರದಿಂದ ಕಾದು, ತಪ್ಪಿದವರನ್ನು ಶಿಕ್ಷಿಸುವುದು ಒಂದು ಪದ್ಧತಿ. ಜೊತೆಗಿದ್ದು, ತಪ್ಪಲು ಅವಕಾಶವೇ ಒದಗದಂತೆ ನಡೆಸುವುದು ಇನ್ನೊಂದು. ಎರಡನೆಯದನ್ನು ಅವರು ಆರಿಸಿಕೊಂಡರು. ಅದಕ್ಕೆ ಮೂರು ಆಧಾರಗಳು: ವಿಚಾರ, ಧರ್ಮ, ವಾತ್ಸಲ್ಯ.

ತಾತ್ವಿಕವಾಗಿ ನೋಡಿದರೆ ಈ ಮೂರರ ಜೋಡಣೆ ಆಕಸ್ಮಿಕವಲ್ಲ. ಹೇಳಿದ್ದನ್ನೆಲ್ಲ ನಂಬುವ ಬಾಲ್ಯವನ್ನು ದಾಟಿ, ಏಕೆ ಎಂದು ಕೇಳುವ ವಯಸ್ಸು ಹದಿಹರೆಯ. ಆ ಪ್ರಶ್ನೆಗೆ ವಿಚಾರದಿಂದ ಉತ್ತರಿಸದಿದ್ದರೆ ಧರ್ಮವು ಮೂಢನಂಬಿಕೆಯಂತೆ ಕಾಣುತ್ತದೆ. ಧರ್ಮವಿಲ್ಲದ ವಿಚಾರವು ಬದುಕಿನ ಗುರಿಯನ್ನು ತೋರಿಸಲಾರದು. ಇವೆರಡೂ ಇದ್ದು ವಾತ್ಸಲ್ಯವಿಲ್ಲದಿದ್ದರೆ ಸತ್ಯವು ಪರರ ಆಜ್ಞೆಯಾಗಿಯೇ ಉಳಿಯುತ್ತದೆ. ಬಲವಂತದಿಂದ ಮೊಣಕಾಲೂರಿಸಬಹುದು, ಪ್ರಾರ್ಥಿಸುವಂತೆ ಮಾಡಲಾಗದು. ವಿಶ್ವಾಸವು ಸ್ವತಂತ್ರ ಮನಸ್ಸಿನ ಒಪ್ಪಿಗೆಯಾದುದರಿಂದ ಅದನ್ನು ಬೆಳೆಸುವ ಬಗೆಯೂ ಸ್ವಾತಂತ್ರ್ಯವನ್ನು ಗೌರವಿಸುವಂಥದ್ದಾಗಿರಬೇಕಾಗುತ್ತದೆ.

ಈ ಪದ್ಧತಿ ಸುಲಭವೆಂದು ಯಾರೂ ಭಾವಿಸಬಾರದು. ಡಾನ್ ಬೋಸ್ಕೊ ಅವರ ಸ್ವಂತ ಮನೆಯಲ್ಲಿಯೇ ಅದು ಕಳೆಗುಂದಿತು. ಸಂಸ್ಥೆ ಬೆಳೆದಿತ್ತು. ಅವರು 1868ರಲ್ಲಿ ಪ್ರತಿಷ್ಠಾಪನೆಗೊಂಡ ಸಹಾಯ ಮಾತೆಯ ಮಹಾದೇವಾಲಯವನ್ನು ಕಟ್ಟಿಸಿದ್ದರು, 1872ರಲ್ಲಿ ಮರಿಯಾ ಮಝರೆಲ್ಲೊ ಅವರೊಡನೆ ಹೆಣ್ಣುಮಕ್ಕಳಿಗಾಗಿ ಸಹೋದರಿಯರ ಸಭೆಯನ್ನು ಸ್ಥಾಪಿಸಿದ್ದರು, 1875ರಲ್ಲಿ ಅರ್ಜೆಂಟೀನಾಕ್ಕೆ ಧರ್ಮಪ್ರಚಾರಕರನ್ನು ಕಳುಹಿಸಿದ್ದರು. ಆದರೆ 1884ರ ಮೇ 10ರಂದು ರೋಮಿನಿಂದ ವಲ್ದೊಕ್ಕೊಗೆ ಬರೆಸಿದ ಪತ್ರದಲ್ಲಿ ಆ ವೃದ್ಧರು ದುಃಖವನ್ನು ತೋಡಿಕೊಂಡರು. ಕನಸಿನಲ್ಲಿ ಅವರಿಗೆ ಎರಡು ಆಟದಂಗಳಗಳು ಕಂಡಿದ್ದವು. ಹಿಂದಿನದರಲ್ಲಿ ಗುರುಗಳೂ ಹುಡುಗರೂ ಬೆರೆತು ಓಡುತ್ತಿದ್ದರು. ಈಗಿನದರಲ್ಲಿ ಹುಡುಗರು ಮೂಲೆಗಳಲ್ಲಿ ಬೇಸತ್ತು ನಿಂತಿದ್ದರು, ಹಿರಿಯರು ತಮ್ಮತಮ್ಮಲ್ಲೇ ಮಾತನಾಡುತ್ತ ನಡೆಯುತ್ತಿದ್ದರು. ಹಿರಿಯರು ದುಡಿಯುತ್ತಿಲ್ಲವೆಂದು ಪತ್ರ ಹೇಳುವುದಿಲ್ಲ. ಅವರು ಹುಡುಗರಿಗಾಗಿ ಜೀವ ತೇಯುತ್ತಿದ್ದರು. ಆದರೆ ಹುಡುಗರನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಗೆ ಪಾತ್ರರೆಂದು ಆ ಹುಡುಗರಿಗೆ ತಿಳಿಯಬೇಕು ಎಂಬುದು ಅದರ ಸಾರ. ಹುಡುಗರಿಗೆ ಪ್ರಿಯವಾದದ್ದರಲ್ಲಿ ಹಿರಿಯರು ಪಾಲ್ಗೊಂಡರೆ, ಹಿರಿಯರಿಗೆ ಪ್ರಿಯವಾದದ್ದನ್ನು ಹುಡುಗರೂ ಪ್ರೀತಿಸಲು ಕಲಿಯುತ್ತಾರೆ.

1888ರ ಜನವರಿ 31ರ ಮುಂಜಾನೆ, 72ನೆಯ ವಯಸ್ಸಿನಲ್ಲಿ, ಡಾನ್ ಬೋಸ್ಕೊ ತ್ಯೂರಿನ್ನಿನಲ್ಲಿ ನಿಧನರಾದರು. 1934ರ ಪುನರುತ್ಥಾನದ ಹಬ್ಬದಂದು ಪೋಪ್ 11ನೆಯ ಪಿಯುಸ್ ಅವರನ್ನು ಸಂತ ಪದವಿಗೇರಿಸಿದರು. ಅವರ ಸಭೆಯವರು 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ಸೇವೆ ಆರಂಭಿಸಿದರು. ಬೆಂಗಳೂರಿನಲ್ಲಿ 1980ರಲ್ಲಿ ಸಲೇಸಿಯನ್ ಗುರುವಿದ್ಯಾರ್ಥಿಗಳು ಬೀದಿಯ ಮಕ್ಕಳಿಗಾಗಿ ಆರಂಭಿಸಿದ ಬೆಂಗಳೂರು ಓಣಿಯವರ ಸೇವಾ ಕೂಟವೂ ಅದೇ ಬೇರಿನ ಚಿಗುರು. ಆ ತರುಣರು ಕೂಡ ಮಕ್ಕಳಿದ್ದಲ್ಲಿಗೇ, ಬೀದಿಗೇ ಇಳಿದು ಕೆಲಸ ಮೊದಲುಮಾಡಿದರು.

ನಮ್ಮ ಅಂಗಳ

ದೃಢೀಕರಣದ ಬಳಿಕ ಮಕ್ಕಳು ಏಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಈ ಜೀವನ ನೇರ ಉತ್ತರ ಕೊಡುವುದಿಲ್ಲ, ಪ್ರಶ್ನೆಯನ್ನೇ ತಿರುಗಿಸುತ್ತದೆ. ಅವರು ಬರುವಲ್ಲಿ ನಾವು ಇದ್ದೇವೆಯೇ? ಪೂಜೆ ಮುಗಿದ ಅರ್ಧ ಗಂಟೆ ಗುರುಗಳು ಅಂಗಳದಲ್ಲಿ ನಿಲ್ಲುವುದಕ್ಕೆ, ಹುಡುಗ ಹುಡುಗಿಯರನ್ನು ಹೆಸರು ಹಿಡಿದು ಕರೆಯುವುದಕ್ಕೆ ಹಣ ಬೇಕಿಲ್ಲ. ಧರ್ಮೋಪದೇಶದ ಶಿಕ್ಷಕರು ಬಾಯಿಪಾಠ ಕೇಳುವ ಮೊದಲು ಪರೀಕ್ಷೆ ಹೇಗಾಯಿತೆಂದು, ಮನೆಯಲ್ಲಿ ಹೇಗಿದ್ದಾರೆಂದು ಕೇಳಬಹುದು. ಹಿಂದೆ ಬಿದ್ದವನಿಗೆ ಎಲ್ಲರ ಮುಂದೆ ಪ್ರಶ್ನೆ ಹಾಕುವ ಬದಲು ಬೇರೆಯಾಗಿ ಕಲಿಸಬಹುದು. ಹದಿನೈದರವರಿಗೆ ಹತ್ತರವರ ಹೊಣೆ ವಹಿಸಿ ನೋಡಬಹುದು. ಕೆಲಸಕ್ಕೆ ಸೇರಿದ ಹುಡುಗನ ಸಂಬಳ, ರಜೆ, ಗೌರವಗಳ ವಿಚಾರದಲ್ಲಿ ಧರ್ಮಕೇಂದ್ರ ಅವನ ಪರವಾಗಿ ನಿಲ್ಲಬಹುದು. ಹೆತ್ತವರು ಮಗನನ್ನು ದೇವಾಲಯಕ್ಕೆ ತಳ್ಳುವ ಬದಲು ಅವನ ಜೊತೆ ಬರಬಹುದು.

ಇಷ್ಟು ಮಾಡಿದರೆ ಎಲ್ಲರೂ ಮರಳಿ ಬರುವರೆಂಬ ಭರವಸೆಯನ್ನು ಯಾರೂ ಕೊಡಲಾರರು. ಹೊದಿಕೆ ಕದ್ದು ಓಡಿದ ಹುಡುಗರು ಡಾನ್ ಬೋಸ್ಕೊ ಅವರಿಗೂ ಸಿಕ್ಕಿದ್ದರು. ಆದರೆ ಬರುವ ಭಾನುವಾರವೂ ದೇವಾಲಯದ ಗೋಡೆಗೊರಗಿ ಒಬ್ಬ ಹುಡುಗ ನಿಂತಿರುತ್ತಾನೆ. ನಮ್ಮ ಕೈಯಲ್ಲಿ ಕೋಲಿರಬಹುದು, ಅವನ ಹೆಸರು ಕೇಳುವ ಬಾಯಿಯೂ ನಮಗಿದೆ. ಹಬ್ಬದ ದಿನ ಸಂತ ಜಾನ್ ಬೋಸ್ಕೊ ಅವರ ಬಿನ್ನಹದಿಂದ ನಾವು ಬೇಡಬೇಕಾದದ್ದು, ಆ ಹುಡುಗನತ್ತ ನಾಲ್ಕು ಹೆಜ್ಜೆ ನಡೆದುಹೋಗುವ ವಿನಯವನ್ನು.